ಖಾಲಿ ಡಬ್ಬಿಯಿಂದ ಹಗುರ ಒಲೆ: ಗುಡ್ಡಕ್ಕೆ, ಪಾದಯಾತ್ರೆಗೆ ಒಯ್ಯಲು ಮನೆಯಲ್ಲೇ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಬುತ್ತಿಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ ಕಟ್ಟಿಕೊಂಡರೆ ಊಟಕ್ಕೆ ಬೆಂಕಿಯೇ ಬೇಡ. ಹಾಗಾಗಿ ಬಾದಾಮಿ ಗುಡ್ಡಕ್ಕೆ ಹೊರಟರೂ, ಖಾನಾಪುರದ ಕಡೆ ಹೊರಟರೂ, ಯುಗಾದಿ ಮುಂದೆ ಶ್ರೀಶೈಲಕ್ಕೆ ನಡೆದು ಹೊರಟರೂ ಒಲೆಯಿಂದ ಆಗಬೇಕಾದ ಕೆಲಸ ಇಷ್ಟೇ: ಅರ್ಧ ಲೀಟರ್ ನೀರು ಕುದಿಯಬೇಕು. ಅಷ್ಟಾದರೆ ಚಹಾ ಆಯ್ತು, ಜುಣಕ ಆಯ್ತು, ಉಪ್ಪಿಟ್ಟೂ ಆಯ್ತು.

ಇಷ್ಟು ಕೆಲಸಕ್ಕೆ ಸಾವಿರಾರು ರೂಪಾಯಿಯ ಕ್ಯಾಂಪಿಂಗ್ ಸ್ಟೋವ್ ಬೇಕಿಲ್ಲ. ತಿರುಪು ಹಾಕುವ ಸಣ್ಣ ಗ್ಯಾಸ್ ಕ್ಯಾನ್ ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದೂ ಇಲ್ಲ. ಖಾಲಿ ಕೂಲ್‌ಡ್ರಿಂಕ್ ಡಬ್ಬಿ, ಹಾಲಿನ ಪುಡಿ ಡಬ್ಬಿ, ಒಂದು ಬೋರ್ಡ್ ಪಿನ್, ಮೊಳೆ, ಸುತ್ತಿಗೆ ಇದ್ದರೆ ಒಂದು ಮಧ್ಯಾಹ್ನದಲ್ಲಿ ಒಲೆ ತಯಾರಾಗುತ್ತದೆ. ಅಮೆರಿಕದ ಅಪಲೇಚಿಯನ್ ಟ್ರೇಲ್ ಅಂತ ಸುಮಾರು 3,500 ಕಿಲೋಮೀಟರ್ ಉದ್ದದ ಕಾಲುದಾರಿ ಇದೆ. ಅಲ್ಲಿ ತಿಂಗಳುಗಟ್ಟಲೆ ನಡೆಯುವವರಲ್ಲಿ ಎಷ್ಟೋ ಜನ ಇಂಥದೇ ಡಬ್ಬಿ ಒಲೆ ಹೊತ್ತು ನಡೆದಿದ್ದಾರೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಬರಹದ ಮುಖ್ಯ ಮಾತು ಅದೇ. ಜನ ಒಲೆಯ ತೂತು ಎಷ್ಟು, ಎತ್ತರ ಎಷ್ಟು ಅಂತ ತುಂಬ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ನಮ್ಮ ಬಯಲಿನಲ್ಲಿ ನೀರು ಕುದಿಯುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಗಾಳಿ. ಸವದತ್ತಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಯಳ್ಳೂರಿನ ರಾಜಹಂಸಗಡದ ಮೇಲೆ ಸಂಜೆ ನಿಂತರೆ ಟೋಪಿ ತಲೆಯ ಮೇಲೆ ಉಳಿಯುವುದೇ ಕಷ್ಟ. ಅಂಥ ಕಡೆ ಎಷ್ಟೇ ಚೆಂದದ ಒಲೆಯಾದರೂ ಮರೆ ಇಲ್ಲದಿದ್ದರೆ ಬಿಸಿಯೆಲ್ಲ ಪಕ್ಕಕ್ಕೆ ಹಾರಿಹೋಗುತ್ತದೆ, ಪಾತ್ರೆಗೆ ತಾಗುವುದಿಲ್ಲ. ಅದಕ್ಕೇ ಒಲೆಗೆ ಕೊಡುವಷ್ಟೇ ಶ್ರಮವನ್ನು ಗಾಳಿಮರೆಗೂ ಕೊಡಿ.

ಯಾವ ಒಲೆ ನಿಮಗೆ?

ಇಲ್ಲಿ ಎರಡು ಒಲೆ ಹೇಳುತ್ತೇನೆ. ಒಂದು ಸ್ಪಿರಿಟ್ ಒಲೆ. ಒಲೆಯ ತೂಕ ಸುಮಾರು 15 ಗ್ರಾಂ, ಮರೆ ಮತ್ತು ಸ್ಟ್ಯಾಂಡ್ ಸೇರಿ 100 ಗ್ರಾಂ ಆಸುಪಾಸು. ಹೊಗೆ ಇಲ್ಲ, ಮಸಿ ಇಲ್ಲ, ಮಳೆಗಾಲದಲ್ಲೂ ಉರಿಯುತ್ತದೆ. ಇನ್ನೊಂದು ಜೋಡಿ ಡಬ್ಬಿಯ ಕಟ್ಟಿಗೆ ಒಲೆ. ಅದು ಸ್ವಲ್ಪ ಭಾರ, ಪಾತ್ರೆ ಕಪ್ಪಾಗುತ್ತದೆ, ಆದರೆ ಇಂಧನ ಹೊರಬೇಕಿಲ್ಲ.

ಹೇಗೆ ಪ್ರಯಾಣ ಮಾಡುತ್ತೀರಿ ಅನ್ನುವುದರ ಮೇಲೆ ಆರಿಸಿಕೊಳ್ಳಿ. ರೈಲಿನಲ್ಲಿ ಸ್ಪಿರಿಟ್, ಸೀಮೆಎಣ್ಣೆ, ಗ್ಯಾಸ್ ಒಯ್ಯುವುದು ಅಪರಾಧ. 1989ರ ರೈಲ್ವೆ ಕಾಯ್ದೆಯ 164ನೇ ಕಲಂ ಪ್ರಕಾರ ಅದಕ್ಕೆ ಜೈಲು ಶಿಕ್ಷೆಯೂ ಇದೆ. ಬಸ್ಸಿನಲ್ಲೂ ಹೊತ್ತಿಕೊಳ್ಳುವ ವಸ್ತು ಬೇಡ. 2023ರ ಆಗಸ್ಟ್‌ನಲ್ಲಿ ಮದುರೈಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು ಜನ ಸತ್ತಿದ್ದು ಒಳಗಿದ್ದ ಗ್ಯಾಸ್ ಸಿಲಿಂಡರ್‌ನಿಂದ. ಹಾಗಾಗಿ ರೈಲು, ಬಸ್ಸಿನಲ್ಲಿ ಹೋಗುವವರಿಗೆ ಕಟ್ಟಿಗೆ ಒಲೆಯೇ ಸರಿ. ಮನೆಯಿಂದ ನಡೆದೋ ಸೈಕಲ್ ಮೇಲೋ ಹೊರಡುವವರಿಗೆ ಸ್ಪಿರಿಟ್ ಒಲೆ ಅನುಕೂಲ.

ಸ್ಪಿರಿಟ್ ಬಗ್ಗೆ ಮೊದಲು

ನಮ್ಮ ಮೂರೂ ಜಿಲ್ಲೆ ಕಬ್ಬಿನ ನಾಡು. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯನ್ನು ಹುಳಿಸಿ, ಭಟ್ಟಿ ಇಳಿಸಿ ಮಾಡುವುದೇ ಈ ಸ್ಪಿರಿಟ್, ಅಂದರೆ ಎಥೆನಾಲ್. ಕುಡಿಯಬಾರದು ಅಂತ ಅದಕ್ಕೆ ವಿಷ ಬೆರೆಸಿ ಮಾರುತ್ತಾರೆ. ಅದಕ್ಕೇ ಡಿನೇಚರ್ಡ್ ಸ್ಪಿರಿಟ್ ಅನ್ನುವುದು. ಇದು ಅಬಕಾರಿ ಕಾನೂನಿನ ಕೆಳಗೆ ಬರುವ ವಸ್ತು. ಲೈಸೆನ್ಸ್ ಇರುವ ಅಂಗಡಿಯಲ್ಲಿ, ಬೇಕಾದಷ್ಟೇ, ಬಿಲ್ ಸಮೇತ ತೆಗೆದುಕೊಳ್ಳಿ.

ಸಿಗದಿದ್ದರೆ ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವ ಐಪಿಎ, ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್, ನಡೆಯುತ್ತದೆ. ಅದರ ಉರಿ ಹಳದಿ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಜರ್ ಬೇಡ. ಅದರಲ್ಲಿ ನೀರು ಜಾಸ್ತಿ, ಒಲೆ ಅರ್ಧಕ್ಕೇ ನಿಂತುಹೋಗುತ್ತದೆ. ಪೆಟ್ರೋಲ್, ಥಿನ್ನರ್ ಈ ಒಲೆಗೆ ಯಾವತ್ತೂ ಹಾಕಬೇಡಿ. ಅವು ಭಗ್ಗನೆ ಹೊತ್ತಿಕೊಂಡು ಮೈಮೇಲೆ ಬರುತ್ತವೆ.

ಎಷ್ಟು ಬೇಕು ಅನ್ನುವ ಲೆಕ್ಕ ಸರಳ. 25 ಡಿಗ್ರಿಯ ಅರ್ಧ ಲೀಟರ್ ನೀರನ್ನು ಕುದಿಯುವವರೆಗೆ ತರಲು ಸುಮಾರು 157 ಕಿಲೋಜೂಲ್ ಶಾಖ ಬೇಕು. 20 ಎಂಎಲ್ ಸ್ಪಿರಿಟ್‌ನಲ್ಲಿ 420 ಕಿಲೋಜೂಲ್‌ನಷ್ಟು ಶಾಖ ಇದೆ. ಮರೆ ಚೆನ್ನಾಗಿದ್ದರೆ ಅದರಲ್ಲಿ ಹತ್ತಿರಹತ್ತಿರ ಅರ್ಧ ಪಾತ್ರೆಗೆ ತಲುಪುತ್ತದೆ, ನೀರು ಕುದಿಯುತ್ತದೆ. ಮರೆ ಇಲ್ಲದಿದ್ದರೆ ಕಾಲು ಭಾಗವೂ ತಲುಪುವುದಿಲ್ಲ. ಅಂದರೆ ಮರೆ ಮಾಡದವರು ಎರಡು ಪಟ್ಟು ಸ್ಪಿರಿಟ್ ಹೊರಬೇಕು. ಹಗುರ ಒಲೆ ಮಾಡಿ ಭಾರದ ಬಾಟಲಿ ಹೊತ್ತರೆ ಏನು ಬಂತು?

ಸ್ಪಿರಿಟ್ ಅನ್ನು ಕೂಲ್‌ಡ್ರಿಂಕ್ ಅಥವಾ ನೀರಿನ ಬಾಟಲಿಯಲ್ಲಿ ಇಡಬೇಡಿ. ನೋಡಲು ನೀರಿನ ಹಾಗೇ ಇರುತ್ತದೆ. ಬಾಯಾರಿದವರು, ಅದರಲ್ಲೂ ಮಕ್ಕಳು, ಕುಡಿದುಬಿಟ್ಟರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಬಿಗಿ ಮುಚ್ಚಳದ ಬೇರೆ ಆಕಾರದ ಬಾಟಲಿ ಇರಲಿ. ಅದರ ಮೇಲೆ ಕೆಂಪು ಅಕ್ಷರದಲ್ಲಿ ವಿಷ ಅಂತ ಬರೆಯಿರಿ.

ಸ್ಪಿರಿಟ್ ಒಲೆ ಮಾಡುವುದು

ಬೇಕಾದ್ದು: ಒಂದೇ ಅಳತೆಯ ಎರಡು ಅಲ್ಯುಮಿನಿಯಂ ಕೂಲ್‌ಡ್ರಿಂಕ್ ಡಬ್ಬಿ, ತುಂಬಿದ ಇನ್ನೊಂದು ಡಬ್ಬಿ (ಕೊನೆಗೆ ಕುಡಿಯಬಹುದು), ಬೋರ್ಡ್ ಪಿನ್, ಪೇಪರ್ ಕತ್ತರಿಸುವ ಕಟರ್, ಕತ್ತರಿ, ಸ್ಕೇಲ್, ಮಾರ್ಕರ್, ನಯವಾದ ಪಾಲಿಶ್ ಪೇಪರ್. ಕೈಗೆ ದಪ್ಪ ಗ್ಲೌಸ್ ಹಾಕಿಕೊಳ್ಳಿ. ಈ ತಗಡು ತೆಳ್ಳಗಿದ್ದರೂ ಬ್ಲೇಡಿನಷ್ಟೇ ಹರಿತ.

ಒಲೆ ಕೆಲಸ ಮಾಡುವ ಬಗೆ ಗೊತ್ತಿದ್ದರೆ ಕೈಕೆಲಸ ಸುಲಭ. ಎರಡು ಡಬ್ಬಿಯ ತಳಗಳನ್ನು ಒಂದಕ್ಕೊಂದು ಎದುರುಬದುರಾಗಿ ಸೇರಿಸುತ್ತೇವೆ. ಮಧ್ಯೆ ಒಂದು ಒಳಗೋಡೆ. ನಡುವಿನ ಗುಳಿಯಲ್ಲಿ ಸ್ಪಿರಿಟ್ ಉರಿಯುತ್ತದೆ. ಆ ಬಿಸಿಗೆ ಗೋಡೆಗಳ ನಡುವೆ ಸಿಕ್ಕಿಕೊಂಡ ಸ್ಪಿರಿಟ್ ಕುದಿಯುತ್ತದೆ. ಎಥೆನಾಲ್ 78 ಡಿಗ್ರಿಗೇ ಕುದಿಯುವುದರಿಂದ ಇದಕ್ಕೆ ಜಾಸ್ತಿ ಹೊತ್ತು ಬೇಡ. ಆ ಆವಿ ಅಂಚಿನ ಸಣ್ಣ ತೂತುಗಳಿಂದ ಹೊರಬಂದು ಉರಿಯುತ್ತದೆ. ಪಂಪೂ ಇಲ್ಲ, ಬತ್ತಿಯೂ ಇಲ್ಲ.

1. ತೂತುಗಳನ್ನು ಡಬ್ಬಿ ಕತ್ತರಿಸುವ ಮೊದಲೇ ಹಾಕಿ. ಇಡೀ ಡಬ್ಬಿ ಗಟ್ಟಿಯಾಗಿರುತ್ತದೆ, ಕತ್ತರಿಸಿದ ಮೇಲೆ ಮುದುಡುತ್ತದೆ. ಒಂದು ಡಬ್ಬಿಯನ್ನು ಬೋರಲು ಹಾಕಿ. ತಳದಲ್ಲಿ ನೆಲಕ್ಕೆ ತಾಗುವ ಉಂಗುರದಂಥ ಏಣು ಕಾಣುತ್ತದೆ. ಆ ಏಣಿನ ಹೊರಗಿನ ಇಳಿಜಾರಿನಲ್ಲಿ ಸಮ ಅಂತರಕ್ಕೆ 24 ಗುರುತು ಮಾಡಿ. ಒಂದು ಕಾಗದದ ಪಟ್ಟಿಯನ್ನು ಸುತ್ತಿ ಅಳೆದು, ಅದನ್ನು ಮೊದಲು ಮೂರಾಗಿ, ಆಮೇಲೆ ಮತ್ತೆಮತ್ತೆ ಅರ್ಧಕ್ಕೆ ಮಡಚಿದರೆ 24 ಭಾಗ ತಾನಾಗಿ ಬರುತ್ತವೆ. ಬೋರ್ಡ್ ಪಿನ್ನನ್ನು ಒತ್ತಿ, ತಿರುಗಿಸಿ, ತೆಗೆಯಿರಿ. ತೂತು 1 ಮಿಲಿಮೀಟರ್ ಸಾಕು. ದೊಡ್ಡದಾದರೆ ಉರಿಗೆ ಜೋರು ಬರುವುದಿಲ್ಲ.

2. ಅದೇ ಡಬ್ಬಿಯ ತಳದ ನಡುಭಾಗ ತೆಗೆಯಬೇಕು. ಏಣಿನ ಒಳಗಿನ ಅಂಚಿಗೆ ಹೊಂದಿಕೊಂಡು ಕಟರ್ ಬ್ಲೇಡಿನಿಂದ ಮೆಲ್ಲಗೆ ಗೀರುತ್ತಾ ಹೋಗಿ. ಒಂದೇ ಏಟಿಗೆ ಕತ್ತರಿಸುವ ಆತುರ ಬೇಡ. ಗೀರು ಆಳವಾಗುತ್ತಾ ಬಂದ ಹಾಗೆ ಒಂದು ಕಡೆ ತಗಡು ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಒತ್ತಿದರೆ ಗುಂಡಗಿನ ಬಿಲ್ಲೆ ಕಳಚಿ ಬರುತ್ತದೆ. ಅಂಚಿಗೆ ಪಾಲಿಶ್ ಪೇಪರ್ ಉಜ್ಜಿ.

3. ಈಗ ಅಡ್ಡ ಕತ್ತರಿಸುವುದು. ನೋಟ್‌ಬುಕ್ಕುಗಳನ್ನು ಬೇಕಾದ ಎತ್ತರಕ್ಕೆ ಪೇರಿಸಿ, ಮೇಲಿನದರ ಕೆಳಗೆ ಬ್ಲೇಡಿನ ತುದಿ ಹೊರಗೆ ಕಾಣುವ ಹಾಗೆ ಸಿಕ್ಕಿಸಿ. ಡಬ್ಬಿಯನ್ನು ನೇರ ನಿಲ್ಲಿಸಿ, ಬ್ಲೇಡಿಗೆ ತಾಗಿಸಿ ನಿಧಾನಕ್ಕೆ ಸುತ್ತಿಸಿ. ಸುತ್ತಲೂ ಒಂದೇ ಎತ್ತರದ ಗೆರೆ ಬೀಳುತ್ತದೆ. ಆ ಗೆರೆಯ ಮೇಲೆ ಉಗುರಿನಿಂದ ಒತ್ತಿದರೆ ತಗಡು ಟಪ್ ಅಂತ ಬಿಡುತ್ತದೆ. ತೂತು ಹಾಕಿದ ಡಬ್ಬಿಯ ತಳದಿಂದ 25 ಮಿಲಿಮೀಟರ್, ಇನ್ನೊಂದರ ತಳದಿಂದ 30 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿ. 25ರದ್ದು ಮೇಲಿನ ಭಾಗ, 30ರದ್ದು ಕೆಳಗಿನ ಭಾಗ.

4. ಉಳಿದ ತಗಡಿನಿಂದ 40 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ಕೆಳಗಿನ ಭಾಗವನ್ನು ಒಳಗಿನಿಂದ ನೋಡಿದರೆ ಏಣಿನ ಜಾಗದಲ್ಲಿ ಸುತ್ತ ಒಂದು ಗಾಡಿ, ಅಂದರೆ ತಗ್ಗಾದ ಗೆರೆ, ಕಾಣುತ್ತದೆ. ಪಟ್ಟಿ ಸುರುಳಿಯಾಗಿ ಆ ಗಾಡಿಯಲ್ಲಿ ಕೂರಬೇಕು. ಅಲ್ಲಿಟ್ಟು ಅಳತೆ ನೋಡಿ, 1 ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ. ಎರಡೂ ತುದಿಗೆ ಅರ್ಧರ್ಧ ಸೀಳು ಹಾಕಿ ಒಂದರೊಳಗೊಂದು ಸಿಕ್ಕಿಸಿದರೆ ಅಂಟು ಬೇಡ. ಪಟ್ಟಿಯ ಕೆಳ ಅಂಚಿನಲ್ಲಿ ಮೂರು ಕಡೆ 5 ಮಿಲಿಮೀಟರಿನ ಕಚ್ಚು ಹಾಕುವುದನ್ನು ಮರೆಯಬೇಡಿ. ನಡುವೆ ಸುರಿದ ಸ್ಪಿರಿಟ್ ಗೋಡೆಗಳ ಸಂದಿಗೆ ಹೋಗುವ ದಾರಿ ಅದೇ.

5. ಎರಡೂ ಭಾಗ ಒಂದೇ ಅಳತೆಯವು, ಒಂದರೊಳಗೊಂದು ಹೋಗುವುದಿಲ್ಲ. ಇಲ್ಲೇ ತುಂಬಿದ ಡಬ್ಬಿ ಬೇಕಾಗುವುದು. ಅದರ ತಳವನ್ನು ನಿಮ್ಮ ಕೆಳಗಿನ ಭಾಗದೊಳಗೆ ಮೆಲ್ಲಗೆ ತಿರುಗಿಸುತ್ತಾ ಒತ್ತಿ. ತುಂಬಿದ ಡಬ್ಬಿ ಮುದುಡುವುದಿಲ್ಲ, ಹೊರಗಿನ ತಗಡು ಕೂದಲೆಳೆಯಷ್ಟು ಹಿಗ್ಗುತ್ತದೆ. ಅಷ್ಟು ಸಾಕು.

6. ಕೆಳಗಿನ ಭಾಗದ ಗಾಡಿಯಲ್ಲಿ ಒಳಗೋಡೆ ನಿಲ್ಲಿಸಿ, ಮೇಲಿನ ಭಾಗವನ್ನು ಬೋರಲು ಹಾಕಿ ಒಳಕ್ಕೆ ಇಳಿಸಿ. ಒಂದು ಕಡೆ ಸಿಕ್ಕಿಕೊಂಡರೆ ತೆಳ್ಳನೆಯ ತಗಡಿನ ಚೂರನ್ನು ಸಂದಿಗೆ ತೂರಿಸಿ ದಾರಿ ಮಾಡಿಕೊಡಿ. ಎರಡೂ ಅಂಗೈಯಿಂದ ಸಮನಾಗಿ ಒತ್ತುತ್ತಾ ಬಂದರೆ ಒಳಗೋಡೆ ಮೇಲಿನ ಗಾಡಿಗೆ ಕೂತಿದ್ದು ಕೈಗೆ ತಿಳಿಯುತ್ತದೆ. ಸುಮಾರು 4 ಸೆಂಟಿಮೀಟರ್ ಎತ್ತರದ ಒಲೆ ಸಿದ್ಧ. ಎಂ-ಸೀಲ್, ಫೆವಿಕ್ವಿಕ್ ಹಚ್ಚಬೇಡಿ. ಬಿಸಿಗೆ ಅವು ಸುಟ್ಟು ಕೆಟ್ಟ ಹೊಗೆ ಬಿಡುತ್ತವೆ.

ಅಲ್ಯುಮಿನಿಯಂ ಕರಗುವುದಿಲ್ಲವೇ ಅಂತ ಬಹಳ ಜನ ಕೇಳುತ್ತಾರೆ. ಅದು ಕರಗುವುದು 660 ಡಿಗ್ರಿಗೆ. ಒಳಗೆ ಸ್ಪಿರಿಟ್ ಇರುವವರೆಗೆ ಒಲೆಯ ಮೈ ಅಷ್ಟು ಬಿಸಿ ಆಗುವುದಿಲ್ಲ. ನೀರಿರುವ ಪಾತ್ರೆ ಸೀದುಹೋಗುವುದಿಲ್ಲ ಅಲ್ವಾ, ಹಾಗೆ.

ಗಾಳಿಮರೆ, ಅದೇ ಸ್ಟ್ಯಾಂಡ್ ಕೂಡ

ಸ್ವೀಡನ್ನಿನ ಟ್ರಾಂಜಿಯಾ ಅನ್ನುವ ಸ್ಪಿರಿಟ್ ಒಲೆ 1951ರಿಂದ ಇವತ್ತಿಗೂ ಮಾರಾಟದಲ್ಲಿದೆ. ಅದರ ಬರ್ನರ್ ನಾವು ಈಗ ಮಾಡಿದ್ದರ ಹಾಗೇ ಇದೆ, ಹಿತ್ತಾಳೆಯದು ಅಷ್ಟೇ. ಅದು ಹೆಸರು ಮಾಡಿದ್ದು ಬರ್ನರ್‌ಗಿಂತ ಹೆಚ್ಚಾಗಿ ಸುತ್ತಲಿನ ಮರೆಯಿಂದ. ಒಲೆ, ಮರೆ, ಪಾತ್ರೆ ಮೂರನ್ನೂ ಒಂದಕ್ಕೊಂದು ಹೊಂದಿಸಿ ಮಾಡಿದ್ದಾರೆ. ನಾವೂ ಅದನ್ನೇ ಮಾಡೋಣ.

ಮರೆಗೆ ಅತ್ಯುತ್ತಮ ಮಾಲು ಸಿಗುವುದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಆಫ್‌ಸೆಟ್ ಮುದ್ರಣಕ್ಕೆ ಬಳಸಿದ ಅಲ್ಯುಮಿನಿಯಂ ಪ್ಲೇಟುಗಳನ್ನು ಅವರು ಗುಜರಿಗೆ ತೂಕದ ಮೇಲೆ ಹಾಕುತ್ತಾರೆ. "ಅಣ್ಣಾರ, ಹಳೇ ಪ್ಲೇಟ್ ಇದ್ರ ಒಂದೆರಡು ಕೊಡ್ರಿ, ಒಲಿಗೆ ಮರಿ ಮಾಡ್ತೀನಿ" ಅಂದರೆ ಸಾಕು, ಇಲ್ಲ ಅನ್ನುವವರು ಕಡಿಮೆ. ತೆಳ್ಳಗೆ, ಗಟ್ಟಿಯಾಗಿ, ಮಡಚಲು ಸುಲಭವಾಗಿ ಇರುತ್ತದೆ. ಶಾಯಿಯನ್ನು ಸೋಪು, ನೀರಿನಿಂದ ಚೆನ್ನಾಗಿ ತೊಳೆಯಿರಿ. ಮೊದಲ ಸಲ ಬಯಲಿನಲ್ಲಿ ಖಾಲಿ ಉರಿಸಿ, ಉಳಿದ ಲೇಪ ಸುಟ್ಟುಹೋಗಲಿ.

ಅಳತೆ ನಿಮ್ಮ ಬೋಗಾಣಿಯದು. ಬೋಗಾಣಿಯ ಅಗಲ 12 ಸೆಂಟಿಮೀಟರ್ ಅಂದುಕೊಳ್ಳಿ. ಸುತ್ತ 1.5 ಸೆಂಟಿಮೀಟರ್ ಸಂದಿ ಬಿಟ್ಟರೆ ಮರೆಯ ಅಗಲ 15. ಅದನ್ನು 3.14ರಿಂದ ಗುಣಿಸಿದರೆ 47. ತುದಿ ಸಿಕ್ಕಿಸಲು 3 ಸೇರಿಸಿ, 50 ಸೆಂಟಿಮೀಟರ್ ಉದ್ದದ ಪಟ್ಟಿ ಬೇಕು. ಎತ್ತರ 12 ಅಥವಾ 13. ಈ ಸಂದಿಯ ವಿಷಯದಲ್ಲಿ ಕೈಬಿಗಿ ಇರಲಿ. ಜಾಸ್ತಿ ಸಂದಿ ಬಿಟ್ಟರೆ ಬಿಸಿಗಾಳಿ ಪಾತ್ರೆಯ ಮೈಗೆ ತಾಗದೆ ಮೇಲೆ ಹೋಗುತ್ತದೆ. ತೀರಾ ಕಡಿಮೆ ಬಿಟ್ಟರೆ ಉರಿಗೆ ಉಸಿರು ಕಟ್ಟುತ್ತದೆ, ಒಲೆ ಕಾದು ಸ್ಪಿರಿಟ್ ಉಕ್ಕುತ್ತದೆ.

ಪಟ್ಟಿಯ ಕೆಳಗಡೆ, ಅಂಚಿನಿಂದ 2 ಸೆಂಟಿಮೀಟರ್ ಮೇಲೆ, ಅರ್ಧ ಉದ್ದಕ್ಕೆ ಮಾತ್ರ 8 ರಿಂದ 10 ಮಿಲಿಮೀಟರಿನ ತೂತುಗಳನ್ನು ಹಾಕಿ. ಒಲೆ ಹಚ್ಚುವಾಗ ತೂತಿನ ಬದಿಯನ್ನು ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ಇಡಬೇಕು. ಹಾಗೆ ಇಟ್ಟರೆ ಉರಿಗೆ ಬೇಕಾದ ಗಾಳಿ ಮೆಲ್ಲಗೆ ಒಳಬರುತ್ತದೆ, ನುಗ್ಗುವ ಗಾಳಿ ಮರೆಗೆ ಬಡಿದು ಪಕ್ಕಕ್ಕೆ ಹೋಗುತ್ತದೆ.

ಸ್ಟ್ಯಾಂಡಿಗೆ ಸೈಕಲ್ ಅಂಗಡಿಯಿಂದ ಎರಡು ಸ್ಟೀಲ್ ಸ್ಪೋಕ್ ತನ್ನಿ, 18 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಮರೆಯಲ್ಲಿ ನೆಲದಿಂದ 7 ಸೆಂಟಿಮೀಟರ್ ಎತ್ತರಕ್ಕೆ ಎದುರುಬದುರು ಎರಡೆರಡು ತೂತು ಹಾಕಿ, 5 ಸೆಂಟಿಮೀಟರ್ ಅಂತರದಲ್ಲಿ. ಸ್ಪೋಕುಗಳನ್ನು ಅಡ್ಡಲಾಗಿ ತೂರಿಸಿದರೆ ಬೋಗಾಣಿ ಅವುಗಳ ಮೇಲೆ ಕೂರುತ್ತದೆ. ಒಲೆಯ ತಲೆಗೂ ಪಾತ್ರೆಯ ತಳಕ್ಕೂ ನಡುವೆ 3 ಸೆಂಟಿಮೀಟರ್ ಉಳಿಯುತ್ತದೆ. ಉರಿ ನೀಲಿಯಾಗಿ ಅರಳಲು ಅಷ್ಟು ಜಾಗ ಬೇಕು. ಅರ್ಧ ಲೀಟರ್ ನೀರಿನ ಭಾರವನ್ನು ಈ ಮರೆ ಆರಾಮಾಗಿ ಹೊರುತ್ತದೆ. ಎರಡು ಲೀಟರಿನ ಪಾತ್ರೆ ಮಾತ್ರ ಇಡಬೇಡಿ. ಬಿಚ್ಚಿದರೆ ಮರೆ ಸುರುಳಿಯಾಗಿ ಬೋಗಾಣಿಯೊಳಗೇ ಹೋಗುತ್ತದೆ.

ಇಷ್ಟು ಬಿಗಿಯಾದ ಮರೆಯನ್ನು ಗ್ಯಾಸ್ ಕ್ಯಾನಿನ ಒಲೆಗೆ ಯಾವತ್ತೂ ಸುತ್ತಬೇಡಿ. ಕ್ಯಾನ್ ಕಾದು ಸಿಡಿಯುತ್ತದೆ.

ಹಚ್ಚುವುದು, ಆರಿಸುವುದು

ನೆಲ ಸಮ ಇರಲಿ. ಸುತ್ತ ಒಂದು ಮೀಟರ್ ಒಣಹುಲ್ಲು, ಎಲೆ ಗುಡಿಸಿ. 20 ಎಂಎಲ್ ಅಳೆದು ನಡುವಿನ ಗುಳಿಗೆ ಸುರಿಯಿರಿ. ಕೆಮ್ಮಿನ ಸಿರಪ್ಪಿನ ಅಳತೆ ಮುಚ್ಚಳ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬಾಟಲಿಯ ಮುಚ್ಚಳ ಬಿಗಿದು ದೂರ ಇಟ್ಟ ಮೇಲೆಯೇ ಕಡ್ಡಿ ಗೀರಿ.

ಮೊದಲು ನಡುವೆ ಮಾತ್ರ ಮೆತ್ತಗೆ ಉರಿಯುತ್ತದೆ. ಅರ್ಧ ನಿಮಿಷ, ಒಂದು ನಿಮಿಷ ಆಗುವಾಗ ಒಳಗಿಂದ ಸಣ್ಣಗೆ ಕುದಿಯುವ ಸದ್ದು ಬರುತ್ತದೆ. ಆಮೇಲೆ ಅಂಚಿನ ಒಂದು ತೂತಿಗೆ ನೀಲಿ ನಾಲಿಗೆ ಹತ್ತುತ್ತದೆ, ಪಕ್ಕದ್ದಕ್ಕೆ, ಅದರ ಪಕ್ಕದ್ದಕ್ಕೆ, ಹಾಗೇ ಸುತ್ತು ಪೂರ್ತಿ. ಈಗ ಮುಚ್ಚಳ ಮುಚ್ಚಿದ ಬೋಗಾಣಿ ಇಡಿ. ಮುಚ್ಚಳ ಇಲ್ಲದೆ ನೀರು ಕಾಯಿಸುವುದು ಸ್ಪಿರಿಟ್ ಚೆಲ್ಲಿದ ಹಾಗೇ. ಏಳೆಂಟು ನಿಮಿಷದಲ್ಲಿ ನೀರು ಕುದಿಯಬೇಕು. ಮನೆಯ ಅಂಗಳದಲ್ಲಿ ಒಮ್ಮೆ, ಮಾಳಿಗೆಯ ಮೇಲೆ ಗಾಳಿಗೆ ಒಮ್ಮೆ ಹಚ್ಚಿ ನೋಡಿ, ನಿಮ್ಮ ಒಲೆಗೆ ಎಷ್ಟು ಬೇಕು ಅನ್ನುವುದು ಗೊತ್ತಾಗುತ್ತದೆ. ನನ್ನ ಲೆಕ್ಕ: ಶಾಂತ ಗಾಳಿಗೆ 20 ಎಂಎಲ್, ಗುಡ್ಡದ ಮೇಲೆ 25 ರಿಂದ 30.

ಸ್ಪಿರಿಟ್ ಒಲೆಯ ದೊಡ್ಡ ಅಪಾಯ ಅಂದರೆ ಹಗಲು ಬಿಸಿಲಲ್ಲಿ ಅದರ ಉರಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಅಂದುಕೊಂಡು ಮತ್ತೆ ಸ್ಪಿರಿಟ್ ಸುರಿದರೆ ಧಾರೆ ಹಿಡಿದು ಬೆಂಕಿ ಬಾಟಲಿಗೇ ಬರುತ್ತದೆ. ಆರಿದ ಹಾಗೆ ಕಂಡರೆ ಒಂದು ಒಣ ಹುಲ್ಲುಕಡ್ಡಿಯನ್ನು ಮೇಲೆ ಹಿಡಿದು ನೋಡಿ. ಹೊತ್ತದಿದ್ದರೂ ಐದು ನಿಮಿಷ ಆರಲು ಬಿಟ್ಟು ಆಮೇಲೆ ತುಂಬಿಸಿ. ನಡುವೆ ಆರಿಸಬೇಕಾದರೆ ಊದಬೇಡಿ, ಒಲೆಗಿಂತ ದೊಡ್ಡ ಡಬ್ಬಿಯೊಂದನ್ನು ಬೋರಲು ಮುಚ್ಚಿ. ಚೆಲ್ಲಿ ಹತ್ತಿಕೊಂಡರೆ ಮಣ್ಣು ಹಾಕಿ. ಟೆಂಟಿನ ಒಳಗೆ ಯಾವ ಒಲೆಯೂ ಬೇಡ. ಬೆಂಕಿಯ ಭಯ ಒಂದು ಕಡೆ, ಕಾರ್ಬನ್ ಮೊನಾಕ್ಸೈಡ್ ಇನ್ನೊಂದು ಕಡೆ. ಆ ಅನಿಲಕ್ಕೆ ವಾಸನೆಯೇ ಇಲ್ಲ.

ಜೋಡಿ ಡಬ್ಬಿಯ ಕಟ್ಟಿಗೆ ಒಲೆ

ಮೂರು ಕಲ್ಲಿನ ಒಲೆ ಹೊಗೆ ಉಗುಳುವುದು ಯಾಕೆ? ಕಟ್ಟಿಗೆ ಕಾದಾಗ ಬಿಡುವ ಹೊಗೆ ಕೂಡ ಇಂಧನವೇ. ಅದು ಉರಿಯಲು ಬೇಕಾದ ಬಿಸಿ, ಗಾಳಿ ಎರಡೂ ಸರಿಯಾದ ಜಾಗದಲ್ಲಿ ಸಿಗುವುದಿಲ್ಲ, ಅದಕ್ಕೇ ಹಾಗೇ ಹೊರಗೆ ಹೋಗಿ ಕಣ್ಣು ಉರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆ ನಮ್ಮ ಹಳ್ಳಿಗಳಲ್ಲಿ ಹಲವರಿಗೆ ಗೊತ್ತು. ಅದರಲ್ಲೂ ಜಾಣತನ ಇದ್ದದ್ದು ಗಾಳಿ ಎಲ್ಲಿಂದ ಎಷ್ಟು ಬರಬೇಕು ಅನ್ನುವುದರಲ್ಲೇ. ನಮ್ಮ ಡಬ್ಬಿ ಒಲೆಯಲ್ಲಿ ಗಾಳಿ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು ದಾರಿ ಕೆಳಗಿನಿಂದ ಕೆಂಡಕ್ಕೆ. ಇನ್ನೊಂದು ಎರಡು ಡಬ್ಬಿಗಳ ಸಂದಿಯಲ್ಲಿ ಮೇಲೇರಿ, ಕಾದು, ಮೇಲಿನ ತೂತುಗಳಿಂದ ಹೊಗೆಯೊಳಗೆ ನುಗ್ಗುತ್ತದೆ. ಅಲ್ಲೇ ಹೊಗೆ ಹೊತ್ತಿಕೊಂಡು ಉರಿಯುತ್ತದೆ.

ಹೊರಗಿನದಕ್ಕೆ 10 ಸೆಂಟಿಮೀಟರ್ ಅಗಲ, 13 ಸೆಂಟಿಮೀಟರ್ ಎತ್ತರದ ಹಾಲಿನ ಪುಡಿ ಡಬ್ಬಿ ತೆಗೆದುಕೊಳ್ಳಿ, ತಗಡಿನದೇ ಆಗಬೇಕು. ಒಳಗಿನದಕ್ಕೆ ಏಳೂವರೆ ಸೆಂಟಿಮೀಟರ್ ಅಗಲದ ಕಂಡೆನ್ಸ್‌ಡ್ ಮಿಲ್ಕ್ ಡಬ್ಬಿ. ಸುತ್ತ 1 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಸಂದಿ ಉಳಿದರೆ ಸರಿ. ಡಬ್ಬಿ ಸಿಗದಿದ್ದರೆ ಗುಜರಿ ಅಂಗಡಿಯಲ್ಲಿ, ಇಲ್ಲವೇ ಮಿಠಾಯಿ ಅಂಗಡಿಯಲ್ಲಿ ಕೇಳಿ. ಬಣ್ಣದ ಡಬ್ಬಿ, ಔಷಧಿ ಹೊಡೆಯುವ ಕೀಟನಾಶಕದ ಡಬ್ಬಿ ಬೇಡವೇ ಬೇಡ. ಜಿಐ ತಗಡೂ ಬೇಡ. ಅದರ ಸತುವಿನ ಲೇಪ ಕೆಂಡದ ಬಿಸಿಗೆ ವಿಷದ ಹೊಗೆಯಾಗುತ್ತದೆ.

ಹಾಲಿನ ಪುಡಿ ಡಬ್ಬಿಯನ್ನು ಬೋರಲು ಹಾಕಿ. ತಳದ ಮೇಲೆ ಕಂಡೆನ್ಸ್‌ಡ್ ಮಿಲ್ಕ್ ಡಬ್ಬಿ ಇಟ್ಟು ಸುತ್ತ ಗೆರೆ ಎಳೆಯಿರಿ. ಆ ಗೆರೆಗಿಂತ ಒಂದು ಮಿಲಿಮೀಟರ್ ಒಳಗೆ ತಗಡು ಕತ್ತರಿಯಿಂದ ಕತ್ತರಿಸಿ. ಒಳಡಬ್ಬಿ ಬಿಗಿಯಾಗಿ ಇಳಿದು, ಅದರ ಬಾಯಿಯ ಅಂಚು ತೂತಿನ ಮೇಲೆ ತಗುಲಿ ನಿಲ್ಲಬೇಕು. ಕೂರದಿದ್ದರೆ ಸ್ವಲ್ಪಸ್ವಲ್ಪವೇ ಸವರಿ. ಒಮ್ಮೆ ಜಾಸ್ತಿ ಕತ್ತರಿಸಿದರೆ ಒಳಡಬ್ಬಿ ಬಿದ್ದೇ ಹೋಗುತ್ತದೆ. ಹೊರಡಬ್ಬಿಯ ತೆರೆದ ಬಾಯಿ ಈಗ ನೆಲದ ಕಡೆ ಇದೆ. ಒಳಡಬ್ಬಿಯ ತಳ ನೆಲದಿಂದ ನಾಲ್ಕೈದು ಸೆಂಟಿಮೀಟರ್ ಮೇಲೆ ತೂಗುತ್ತದೆ. ಕೆಳಗೆ ಗಾಳಿಗೂ ಬೂದಿಗೂ ಜಾಗ ಆಯ್ತು.

ತೂತು ಹಾಕುವಾಗ ತಗಡು ಒಳಗೆ ಕುಸಿಯುತ್ತದೆ. ಅದಕ್ಕೆ ಡಬ್ಬಿಗಳನ್ನು ಬಿಡಿಸಿ, ಒಳಡಬ್ಬಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಇಟ್ಟು ಮಂಜುಗಟ್ಟಿಸಿ. ಆಮೇಲೆ ಗೋಣಿಚೀಲದ ಮೇಲಿಟ್ಟು ಮೊಳೆ ಹೊಡೆದರೆ ತೂತು ಚೊಕ್ಕ ಬರುತ್ತದೆ. ಹೊರಡಬ್ಬಿಗೆ ತಳವಿಲ್ಲ, ಅದನ್ನು ಗುಂಡನೆಯ ಕೊರಡಿಗೆ ತೊಡಿಸಿ ಹೊಡೆಯಿರಿ. ಒಳಡಬ್ಬಿಯ ತಳಕ್ಕೆ 4 ರಿಂದ 5 ಮಿಲಿಮೀಟರಿನ 25 ತೂತು. ಅದರ ಬಾಯಿಯಿಂದ 1 ಸೆಂಟಿಮೀಟರ್ ಕೆಳಗೆ ಸುತ್ತಲೂ 5 ರಿಂದ 6 ಮಿಲಿಮೀಟರಿನ 18 ತೂತು. ಹೊರಡಬ್ಬಿಯ ನೆಲದ ಕಡೆಯ ಅಂಚಿನ ಹತ್ತಿರ 10 ಮಿಲಿಮೀಟರಿನ 12 ತೂತು. ಮತ್ತೆ ಜೋಡಿಸಿ.

ಪಾತ್ರೆ ನೇರ ಒಲೆಯ ಬಾಯಿಗೆ ಕೂತರೆ ಉರಿ ಸಾಯುತ್ತದೆ. ಇನ್ನೊಂದು ಕಂಡೆನ್ಸ್‌ಡ್ ಮಿಲ್ಕ್ ಡಬ್ಬಿಯ ಎರಡೂ ತಳ ತೆಗೆದು, 5 ಸೆಂಟಿಮೀಟರ್ ಎತ್ತರದ ಉಂಗುರ ಮಾಡಿ. ಒಂದು ಕಡೆ ಕಟ್ಟಿಗೆ ಹಾಕಲು 4 ಸೆಂಟಿಮೀಟರ್ ಅಗಲದ ಬಾಗಿಲು, ಉಳಿದ ಕಡೆ ದೊಡ್ಡ ತೂತು. ಒಲೆಯ ಕೆಳಗೆ ಹಳೆಯ ತಟ್ಟೆ ಇಡಿ, ಕೆಂಡ ಉದುರಿದರೆ ಹುಲ್ಲಿಗೆ ಬೀಳುವುದಿಲ್ಲ. ಪ್ರೆಸ್ ಪ್ಲೇಟಿನ ಗಾಳಿಮರೆ ಇದಕ್ಕೂ ಬೇಕು, ಆದರೆ ಸ್ಪೋಕ್ ತೆಗೆದು, ತುದಿ ಬಿಡಿಸಿ, ಗಾಳಿ ಬರುವ ಕಡೆ ಮಾತ್ರ ಒಲೆಯಿಂದ ಒಂದು ಗೇಣು ದೂರ ನಿಲ್ಲಿಸಿ.

ಕಟ್ಟಿಗೆ ಯಾವುದು, ಹಚ್ಚುವುದು ಹೇಗೆ

ಹೆಬ್ಬೆರಳಿಗಿಂತ ದಪ್ಪದ್ದು ಬೇಡ. ಬೆರಳುದ್ದಕ್ಕೆ ಮುರಿಯುವಾಗ ಲಟಕ್ ಅನ್ನಬೇಕು. ಬಾಗಿದರೆ ಇನ್ನೂ ಹಸಿ ಇದೆ. ಬಾಗಲಕೋಟೆ, ವಿಜಯಪುರದ ಹೊಲಗಳ ಬದುವಿನಲ್ಲಿ ಸಿಗುವ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಈ ಒಲೆಗೆ ಅಂತಲೇ ಬೆಳೆದ ಹಾಗಿವೆ. ಹೊಲದವರನ್ನು ಕೇಳಿ ತೆಗೆದುಕೊಳ್ಳಿ. ಬಳ್ಳಾರಿ ಜಾಲಿ ಹೊತ್ತಲು ತಡ, ಆದರೆ ಕೆಂಡ ಗಟ್ಟಿ. ಕಾಳು ಬಿಡಿಸಿದ ಗೋವಿನಜೋಳದ ತೆನೆ ಒಣಗಿದ್ದರೆ ಬಹಳ ಚೆನ್ನಾಗಿ ಉರಿಯುತ್ತದೆ. ಕಬ್ಬಿನ ರವದಿ ಹಚ್ಚಲು ಮಾತ್ರ. ಶೇಂಗಾ ಹೊಟ್ಟು ಗಾಳಿಯ ದಾರಿ ಮುಚ್ಚುತ್ತದೆ, ಕುಳ್ಳು ನಿಧಾನ, ಇವೆರಡೂ ಇಲ್ಲಿ ಬೇಡ. ಕಣಗಿಲೆ ಕಡ್ಡಿ ಕೈಗೂ ಮುಟ್ಟಬೇಡಿ. ಹೆದ್ದಾರಿಯ ನಡುವೆ ಸಾಲಾಗಿ ನೆಟ್ಟಿರುತ್ತಾರೆ, ಅದರ ಹೊಗೆಯೂ ವಿಷ. ಹಾಲು ಬರುವ ಕಳ್ಳಿಯೂ ಹಾಗೇ.

ಮನೆಯ ಒಲೆಗೆ ಕೆಳಗಿನಿಂದ ಬೆಂಕಿ ಹಾಕುತ್ತೇವೆ. ಇಲ್ಲಿ ಉಲ್ಟಾ. ಒಳಡಬ್ಬಿಯಲ್ಲಿ ಮೇಲಿನ ತೂತುಗಳ ಕೆಳಗಿನವರೆಗೆ ಕಡ್ಡಿ ತುಂಬಿ. ಮೇಲೆ ರವದಿಯ ಚೂರು, ಒಂದು ತುಂಡು ಕರ್ಪೂರ ಇಟ್ಟು ಹಚ್ಚಿ. ಬೆಂಕಿ ಮೇಲಿನಿಂದ ಕೆಳಗೆ ಇಳಿಯುತ್ತದೆ, ಕೆಳಗಿನ ಕಡ್ಡಿ ಬಿಡುವ ಹೊಗೆ ಮೇಲಿನ ಉರಿಯೊಳಗೆ ಹಾದು ಬರಬೇಕಾಗುತ್ತದೆ. ಮೊದಲ ಎರಡು ನಿಮಿಷ ಹೊಗೆ ಇರುತ್ತದೆ. ಆಮೇಲೆ ಒಳಡಬ್ಬಿಯ ತೂತುಗಳಿಂದಲೇ ಉರಿ ಬರುತ್ತಿರುವ ಹಾಗೆ ಕಾಣುತ್ತದೆ. ಹಾಗೆ ಕಂಡರೆ ಒಲೆ ಸರಿಯಾಗಿದೆ. ಕಾಣದಿದ್ದರೆ ಕೆಳಗಿನ ತೂತು ಬೂದಿಯಿಂದ ಮುಚ್ಚಿರಬಹುದು, ಇಲ್ಲವೇ ಕಡ್ಡಿಯನ್ನು ಮೇಲಿನ ತೂತಿನ ಮಟ್ಟಕ್ಕಿಂತ ಜಾಸ್ತಿ ತುಂಬಿರುತ್ತೀರಿ. ನೀರು ಕುದಿಯದೆ ಉರಿ ಇಳಿದರೆ ಬಾಗಿಲಿನಿಂದ ಎರಡೆರಡೇ ಕಡ್ಡಿ ಹಾಕಿ.

ಜುಣಕಕ್ಕೆ ಈ ಒಲೆಯೇ ಒಳ್ಳೆಯದು, ಉರಿ ಹೆಚ್ಚು ಕಡಿಮೆ ಮಾಡಬಹುದು. ಒಗ್ಗರಣೆ, ಉಳ್ಳಾಗಡ್ಡಿ, ಖಾರ ಹಾಕಿ ನೀರು ಕುದಿಸಿ, ಕಡಲೆ ಹಿಟ್ಟು ಉದುರಿಸುತ್ತಾ ತಿರುವಿ. ಮೂರ್ನಾಲ್ಕು ನಿಮಿಷದಲ್ಲಿ ರೊಟ್ಟಿಗೆ ಪಲ್ಯ ಆಯ್ತು.

ಎಲ್ಲಿ ಹಚ್ಚಬಾರದು

ಖಾನಾಪುರದ ಭೀಮಗಡ 2011ರಿಂದ ವನ್ಯಜೀವಿಧಾಮ. ಬೀಳಗಿ, ಮುಧೋಳ ಕಡೆ ಚಿಂಕಾರಗಳಿಗಾಗಿ ಇರುವ ಯಡಹಳ್ಳಿಯೂ ವನ್ಯಜೀವಿಧಾಮ. ಅಲ್ಲಿ ಎಷ್ಟು ಚಿಕ್ಕ ಒಲೆಯೂ ಬೇಡ. 1972ರ ವನ್ಯಜೀವಿ ಕಾಯ್ದೆ ವನ್ಯಜೀವಿಧಾಮಕ್ಕೆ ಅಪಾಯವಾಗುವ ಬೆಂಕಿಯನ್ನು ಬಿಡುವುದಿಲ್ಲ. ಬಾದಾಮಿ ಗುಹೆ, ಐಹೊಳೆ, ಪಟ್ಟದಕಲ್ಲು, ವಿಜಯಪುರದ ಸ್ಮಾರಕಗಳ ಆವರಣದಲ್ಲಿ ಅಡುಗೆ ಮಾಡುವ ಹಾಗಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಯ ಮೇಲೆ ಹೊರಗಡೆಯೂ ಕಟ್ಟಿಗೆ ಒಲೆ ಹಚ್ಚಬೇಡಿ. ಮಸಿ ಹೋಗುವುದಿಲ್ಲ, ಕಾದ ಕಲ್ಲಿನ ಪದರ ಏಳುತ್ತದೆ. ಜನವರಿಯಿಂದ ಮೇವರೆಗೆ ಗುಡ್ಡದ ಹುಲ್ಲು ಪೂರ್ತಿ ಒಣಗಿರುತ್ತದೆ. ಆ ತಿಂಗಳುಗಳಲ್ಲಿ ಗುಡ್ಡದ ಮೇಲೆ ಬುತ್ತಿ ಬಿಚ್ಚಿ ಉಣ್ಣಿ, ಚಹಾವನ್ನು ಕೆಳಗೆ ಊರಲ್ಲಿ ಕುಡಿಯಿರಿ. ಬೂದಿಗೆ ನೀರು ಹಾಕಿ, ಬೆರಳಿಟ್ಟು ತಣ್ಣಗಾಗಿದೆ ಅಂತ ನೋಡಿದ ಮೇಲೆಯೇ ಮಣ್ಣಲ್ಲಿ ಮುಚ್ಚಿ.

ಬಾಳಿಕೆ

ಸ್ಪಿರಿಟ್ ಒಲೆ ತುಳಿಯದಿದ್ದರೆ ವರ್ಷಗಟ್ಟಲೆ ಬರುತ್ತದೆ. ಕೆಲವು ತೂತುಗಳಿಗೆ ಉರಿ ಹತ್ತದಿದ್ದರೆ ಅದೇ ಬೋರ್ಡ್ ಪಿನ್ನಿನಿಂದ ಚುಚ್ಚಿ ಬಿಡಿಸಿ, ಪಿನ್ ಜೊತೆಗೇ ಇರಲಿ. ಎರಡು ತಗಡು ಸೇರುವ ಸಂದಿಯಲ್ಲಿ ಉರಿ ಕಂಡರೆ ಆ ಒಲೆ ಬಿಸಾಕಿ ಹೊಸದು ಮಾಡಿ, ತೇಪೆ ಹಚ್ಚಬೇಡಿ. ಕಟ್ಟಿಗೆ ಒಲೆಯಲ್ಲಿ ಮೊದಲು ಸವೆಯುವುದು ಒಳಡಬ್ಬಿಯ ತಳ. ತಗಡು ಕೆಂಪಾಗಿ ಪುಡಿ ಉದುರಲು ಶುರುವಾದರೆ ಒಳಡಬ್ಬಿ ಮಾತ್ರ ಬದಲಿಸಿದರೆ ಸಾಕು, ಹೊರಗಿನದು ಇನ್ನೂ ಬಹಳ ದಿನ ನಡೆಯುತ್ತದೆ. ಬಳಸಿ ಆದಮೇಲೆ ಬೂದಿ ತಟ್ಟಿ, ಒರೆಸಿ, ಹಳೆಯ ಬಟ್ಟೆಯ ಚೀಲದಲ್ಲಿ ಹಾಕಿಡಿ. ಒದ್ದೆಯಾಗಿ ಇಟ್ಟರೆ ಒಂದೇ ಮಳೆಗಾಲಕ್ಕೆ ತುಕ್ಕು ತಿನ್ನುತ್ತದೆ.